ಕಚೇರಿಯೊಳಗೇ ಸಣ್ಣ ಸಂಗೀತ ಗೋಷ್ಠಿ ನಡೆಸಿದವರು ಅನುಭವ ಹೇಳುವಿರಾ?

ಕಿಟಕಿಮೇಜು:
ನಮ್ಮದು ಚಿಕ್ಕ ವಿನ್ಯಾಸ ಕಚೇರಿ. ಕೆಲಸದ ಹೊತ್ತು ಮುಗಿದ ಮೇಲೆ ಆಗಾಗ ಒಬ್ಬ ಕಲಾವಿದರನ್ನು ಕರೆದು, ಮೇಜುಗಳ ನಡುವೆಯೇ ಕೂರಿಸಿ ಹಾಡಿಸಬೇಕು, ಅದನ್ನು ಚಿತ್ರೀಕರಿಸಿ ಅಂತರ್ಜಾಲಕ್ಕೆ ಹಾಕಬೇಕು ಎಂಬ ಆಸೆ. ಎನ್‌ಪಿಆರ್‌ನ ಟೈನಿ ಡೆಸ್ಕ್ (ಅಮೆರಿಕದ ಆ ರೇಡಿಯೋ ಸಂಸ್ಥೆ ತನ್ನ ಕಚೇರಿಯ ಮೇಜಿನ ಹಿಂದೆ ಕಲಾವಿದರನ್ನು ಹಾಡಿಸುವ ವಿಡಿಯೋ ಸರಣಿ) ನೋಡಿ ಹುಟ್ಟಿದ್ದು ಎಂದು ಬೇರೆ ಹೇಳಬೇಕಿಲ್ಲ. ಕೇಳುಗರು ಸುಮಾರು ಮೂವತ್ತು ಜನ. ಮೊದಲು ಗಿಟಾರ್ ಹಿಡಿದು ಹಾಡುವ ಒಬ್ಬ ಗಾಯಕಿ, ನಂತರ ತಾಳವಾದ್ಯದ ಮೂವರು, ಆಮೇಲೆ ರ್‍ಯಾಪ್. ಕೋಣೆಯ ಒಂದು ಬದಿ ಪೂರ್ತಿ ಗಾಜು, ನೆಲಕ್ಕೆ ಟೈಲ್ಸ್. ಎರಡೇ ಪ್ರಶ್ನೆ: ಗಾಜಿನ ಗೋಡೆಗೆ ಏನು ಮಾಡಲಿ? ಒಂದೇ ಮೈಕ್ ಸಾಕೇ, ಪ್ರತಿಯೊಂದಕ್ಕೂ ಬೇರೆ ಬೇಕೇ?

ಎಂಟುಚಾನೆಲ್:
ಪ್ರತಿಯೊಂದಕ್ಕೂ ಬೇರೆ ಬೇಕು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ನಮ್ಮ ಹಣಕಾಸು ವಿಭಾಗದವರು ಮುಖ ಸಿಂಡರಿಸಿದರೂ ನಾನು, ಎಂಟು ಮೈಕ್‌ಗಳ ಸದ್ದನ್ನು ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಕಳಿಸುವ ಎಂಟು ಚಾನೆಲ್‌ಗಳ ಇಂಟರ್‌ಫೇಸ್ ಕೊಂಡೆ, ಇವತ್ತಿಗೂ ಅದೇ ಸರಿ ಎನ್ನುತ್ತೇನೆ. ಮೈಕ್‌ಗಳಿಗೆ ಎಷ್ಟಾಯಿತು ಎಂದು ಎಲ್ಲರೂ ಕೇಳುತ್ತಾರೆ. ಸ್ಟ್ಯಾಂಡ್, ಕ್ಲಿಪ್, ಕೇಬಲ್, ಕಾಲಿಗೆ ತೊಡರದಂತೆ ಕೇಬಲ್ಲನ್ನು ನೆಲಕ್ಕೆ ಅಂಟಿಸುವ ಬಟ್ಟೆಯ ಟೇಪು, ಇವಕ್ಕೆ ಎಷ್ಟಾಯಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಈ ಚಿಲ್ಲರೆ ಸಾಮಾನೇ ಮೈಕ್‌ಗಳ ಮೊತ್ತದ ಅರ್ಧ ದಾಟಿತು. ಅದರಲ್ಲೂ ಮೊದಲು ಬಂದ ಬೂಮ್ ಸ್ಟ್ಯಾಂಡ್‌ಗಳು ಕಂಡೆನ್ಸರ್ ಮೈಕ್‌ನ ಭಾರ ತಾಳಲಾರದೆ ಹಾಡಿನ ನಡುವೆಯೇ ಮೆಲ್ಲಗೆ ತಲೆ ತಗ್ಗಿಸಿದವು. ಪಲ್ಲವಿಯಲ್ಲಿ ಗಾಯಕಿಯ ಬಾಯಿಯ ಎದುರಿದ್ದ ಮೈಕ್ ಕೊನೆಯ ಚರಣದ ಹೊತ್ತಿಗೆ ಅವರ ಮೊಣಕೈಗೆ ಕಿವಿಗೊಟ್ಟಿತ್ತು. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಭಾರದ ಬುಡವಿರುವ ಸ್ಟ್ಯಾಂಡ್‌ಗಳನ್ನು ಮತ್ತೆ ಕೊಳ್ಳಬೇಕಾಯಿತು.

ಅದು ಮುಗಿಯಿತು ಎನ್ನುವಷ್ಟರಲ್ಲಿ ಗುಂಯ್ ಎನ್ನುವ ಸದ್ದು ಶುರು. ಕೇಬಲ್ ಬದಲಿಸಿದೆವು, ಇಂಟರ್‌ಫೇಸನ್ನೇ ಸಂಶಯಿಸಿದೆವು. ಕೊನೆಗೆ ನೋಡಿದರೆ ಗಿಟಾರ್ ಆಂಪ್ ಒಂದು ಸಾಕೆಟ್‌ನಲ್ಲಿ, ಲ್ಯಾಪ್‌ಟಾಪ್ ಚಾರ್ಜರ್ ಕೋಣೆಯ ಇನ್ನೊಂದು ಮೂಲೆಯ ಸಾಕೆಟ್‌ನಲ್ಲಿ. ಎರಡರ ಅರ್ಥಿಂಗ್ ನಡುವೆ ಸುತ್ತು ಬಿದ್ದಿತ್ತು. ಎಲ್ಲವನ್ನೂ ಒಂದೇ ಕಡೆಗೆ ತಂದು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದ ಮೇಲೆ ಸದ್ದು ನಿಂತಿತು. ಅಷ್ಟರಲ್ಲಿ ಮೊದಲ ಗೋಷ್ಠಿಯ ಧ್ವನಿ ಕೆಟ್ಟು ಹೋಗಿತ್ತು.

ಇನ್ನೊಂದು. ಹಾಡುತ್ತಾ ತಾವೇ ಗಿಟಾರ್ ನುಡಿಸುವವರ ಬಳಿ ಮೂರಕ್ಕೊಂದರ ನಿಯಮ (ಒಂದು ಮೈಕ್ ತನ್ನ ವಾದ್ಯಕ್ಕೆ ಎಷ್ಟು ದೂರವೋ ಅದರ ಮೂರು ಪಟ್ಟು ದೂರದಲ್ಲಿ ಇನ್ನೊಂದು ಮೈಕ್ ಇರಬೇಕು ಎಂಬುದು) ನಡೆಯುವುದೇ ಇಲ್ಲ. ಹಿಂದೆ ಮುಂದೆ ಮಾತ್ರ ಕೇಳಿಸಿಕೊಂಡು ಪಕ್ಕಕ್ಕೆ ಕಿವುಡಾಗಿರುವ ಫಿಗರ್-ಎಯ್ಟ್ ಮೈಕ್ ತರಿಸಿ, ಅದರ ಕಿವುಡು ಬದಿಯನ್ನು ಬಾಯಿಯತ್ತ ತಿರುಗಿಸಿದ ಮೇಲೆಯೇ ಗಿಟಾರಿನ ಟ್ರ್ಯಾಕಿನಿಂದ ಧ್ವನಿ ತೊಲಗಿದ್ದು. ಅದಕ್ಕೂ ಹಣ. ಆದರೆ ಈಗ ಹಾಡು ಮುಗಿದ ಮೇಲೆ ಯಾವುದನ್ನು ಬೇಕಾದರೂ ಏರಿಸಬಲ್ಲೆ, ಇಳಿಸಬಲ್ಲೆ.

ಒಂಟಿಮೈಕ್:
ಮೇಲಿನವರ ಪಟ್ಟಿ ಓದಿ ಸುಸ್ತಾಯಿತು. ಅಷ್ಟೆಲ್ಲ ಮಾಡುವುದಾದರೆ ಸ್ಟುಡಿಯೋಗೇ ಹೋಗಬಹುದಲ್ಲ, ಕಚೇರಿ ಏಕೆ?

ನಮ್ಮಲ್ಲಿರುವುದು ಒಂದು ಸ್ಟೀರಿಯೋ ಶಾಟ್‌ಗನ್, ಅಂದರೆ ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಉದ್ದನೆಯ ಮೈಕ್. ಮಿಡ್-ಸೈಡ್ ಮಾದರಿಯದು, ನಡುವಿನ ಸದ್ದನ್ನೂ ಪಕ್ಕದ ಸದ್ದನ್ನೂ ಬೇರೆಯಾಗಿ ಹಿಡಿಯುತ್ತದೆ; ಸದ್ದಿನ ಅಗಲವನ್ನು ಆಮೇಲೆ ಹೊಂದಿಸಿಕೊಳ್ಳಬಹುದು. ಟೈನಿ ಡೆಸ್ಕ್‌ನವರು ವರ್ಷಗಟ್ಟಲೆ ಮುಖ್ಯ ಮೈಕ್ ಆಗಿ ಬಳಸಿದ್ದೂ ಅಂಥದ್ದೇ, ಸೆನ್‌ಹೈಸರ್ ಎಂಕೆಎಚ್ 418-ಎಸ್. ಅಲ್ಲಿ ಗಾಯಕರ ಧ್ವನಿಯನ್ನು ಕೋಣೆಯಲ್ಲಿ ದೊಡ್ಡದು ಮಾಡುವ ಸ್ಪೀಕರ್ ಇಲ್ಲ, ಕಲಾವಿದರು ತಮ್ಮನ್ನು ತಾವೇ ಕೇಳಿಸಿಕೊಳ್ಳುವ ಮಾನಿಟರ್ ಸ್ಪೀಕರೂ ಇಲ್ಲ. ಧ್ವನಿ ಎಷ್ಟಿದೆಯೋ ಅಷ್ಟಕ್ಕೆ ಉಳಿದವರೆಲ್ಲ ತಗ್ಗಬೇಕು. ಕಟ್ಟುಪಾಡು ಅದೊಂದೇ. ನಮ್ಮಲ್ಲಿ ಡ್ರಮ್ಸ್ ನುಡಿಸುವವರು ಕೋಲು ಹಿಡಿದು ಬಂದರು, ಬ್ರಷ್ ಕೊಟ್ಟೆವು. ಮುನಿಸಿಕೊಂಡರು. ಆಮೇಲೆ ಅವರನ್ನು ಮೈಕ್‌ನಿಂದ ಎರಡು ಪಟ್ಟು ದೂರಕ್ಕೆ ಕೂರಿಸಿದೆವು. ತೆರೆದ ಬಯಲಿನಲ್ಲಾದರೆ ದೂರ ಇಮ್ಮಡಿಯಾದಾಗ 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯಲ್ಲಿ ಅಷ್ಟು ಇಳಿಯುವುದಿಲ್ಲ. ಆದರೂ ಸಾಕಾಯಿತು. ಗಾಯಕಿ ಒಂದು ಹೆಜ್ಜೆ ಮುಂದೆ ಬಂದರು. ಮಿಕ್ಸಿಂಗ್ ಮುಗಿಯಿತು! ಕುರ್ಚಿ ಸರಿಸಲು ಯಾರೂ ಹಣ ಕೇಳುವುದಿಲ್ಲ.

ನಮಗೆ ಖರ್ಚು ಬಂದದ್ದು ಎಲ್ಲಿ ಗೊತ್ತೇ? ಹವಾನಿಯಂತ್ರಣದಲ್ಲಿ. ಒಂದೇ ಮೈಕ್ ಇದ್ದಾಗ ಗಾಳಿ ಬರುವ ಕಿಂಡಿಯ ಸದ್ದು ಪೂರ್ತಿ ಕೇಳಿಸುತ್ತದೆ. ನಮ್ಮದು ಇಡೀ ಕಟ್ಟಡಕ್ಕೆ ಒಂದೇ ಯಂತ್ರ. ನಮ್ಮ ಮಹಡಿಗೆ ಮಾತ್ರ ನಿಲ್ಲಿಸಲು ನಿರ್ವಹಣೆಯವರ ಒಪ್ಪಿಗೆ, ಅವರ ಒಬ್ಬ ಸಿಬ್ಬಂದಿಯ ಹೆಚ್ಚುವರಿ ಸಂಬಳ, ಮತ್ತೆ ಚಾಲೂ ಮಾಡಲು ಇನ್ನೊಂದು ಅರ್ಜಿ. ನಿಲ್ಲಿಸಿದರೆ ಮೂವತ್ತು ಜನರ ಮೈಶಾಖ, ದೀಪಗಳ ಶಾಖ. ಮೂರನೆಯ ಹಾಡಿಗೆ ಜನ ಕಾಗದದಲ್ಲಿ ಗಾಳಿ ಬೀಸಿಕೊಳ್ಳತೊಡಗಿದರು, ಆ ಸದ್ದೂ ರೆಕಾರ್ಡ್ ಆಯಿತು. ಈಗ ಹಾಡುಗಳ ನಡುವೆ ಚಾಲೂ ಮಾಡಿಸುತ್ತೇವೆ.

ಎಂಟುಚಾನೆಲ್:
ಟೈನಿ ಡೆಸ್ಕ್‌ನಲ್ಲಿ ಒಂದೇ ಮೈಕ್ ಎಂಬ ಕಥೆಯನ್ನು ನಿಲ್ಲಿಸಿ. ಕೀಬೋರ್ಡ್, ಬೇಸ್ ಗಿಟಾರ್‌ಗಳಿಗೆ ಅಲ್ಲಿ ಮೈಕ್ ಇಲ್ಲದೆ ಕೇಬಲ್ಲಿನಿಂದಲೇ ಸದ್ದು ತೆಗೆಯುವ ನೇರ ಲೈನ್ ಇರುತ್ತದೆ, ಸಣ್ಣ ಆಂಪ್‌ಗಳೂ ಇರುತ್ತವೆ. ವಿಡಿಯೋ ನೋಡಿದರೆ ಹೆಚ್ಚುವರಿ ಮೈಕ್‌ಗಳು ಕಣ್ಣಿಗೇ ಬೀಳುತ್ತವೆ. ನೀವು ನಿಮ್ಮ ಜಿಪುಣತನಕ್ಕೆ ತತ್ವದ ಅಂಗಿ ತೊಡಿಸುತ್ತಿದ್ದೀರಿ.

ಒಂಟಿಮೈಕ್:
‘ಮುಖ್ಯ ಮೈಕ್’ ಎಂದೇ ಬರೆದಿದ್ದೇನೆ. ಓದಿ. ಎಂಟು ಚಾನೆಲ್ ಇದ್ದರೂ ಕಣ್ಣು ಎರಡೇ ಇರುವುದು, ಅವನ್ನಾದರೂ ಬಳಸಿ.

ಮೃದಂಗಿ:
ಮೈಕ್ ಬಗ್ಗೆ ಇಷ್ಟು ಮಾತು! ಅದರ ಎದುರು ಕೂತವನ ಬಗ್ಗೆ ಒಂದು ಸಾಲೂ ಇಲ್ಲ. ನಾನು ಕೂತವನು. ಹೆಸರು ಹೇಳುವುದಿಲ್ಲ, ದೊಡ್ಡ ಕಚೇರಿ, ಹೊಳೆಯುವ ನೆಲ. ಹವಾನಿಯಂತ್ರಣದ ಕಿಂಡಿಯ ನೇರ ಕೆಳಗೆ ನನ್ನನ್ನು ಕೂರಿಸಿದರು, ಕ್ಯಾಮೆರಾಕ್ಕೆ ಅಲ್ಲೇ ಚೆನ್ನಾಗಿ ಕಾಣುತ್ತದಂತೆ. ಹೊರಗೆ ಮಳೆ ಹಿಡಿದಿತ್ತು, ಒಳಗೆ ಒಣ ಗಾಳಿ. ಬಂದೊಡನೆ ಮೃದಂಗವನ್ನು ಗಾಯಕರ ಶ್ರುತಿಗೆ ಸೇರಿಸಿದ್ದೆ. ಅರ್ಧ ಗಂಟೆಯಲ್ಲಿ ಬಲಬದಿಯ ಚರ್ಮ ಬಿಗಿದು ಶ್ರುತಿ ಮೇಲೇರಿತು. ಎಡಬದಿಗೆ ಹಚ್ಚಿದ ರವೆ ಒಣಗಿ, ಅಲ್ಲಿಂದ ಬರುವ ಗುಂಭದ ನಾದ, ಗುಮಕಿಯೇ ಸತ್ತುಹೋಯಿತು. ನಡುವೆ ಕಲ್ಲು, ಮರದ ಗಟ್ಟ ಹಿಡಿದು ಸರಿಮಾಡಲು ಹೊರಟರೆ ಚಿತ್ರೀಕರಣದ ಹುಡುಗ ‘ಸರ್, ಬಡಿಯುವ ಸದ್ದು ಬೇಡ’ ಎಂದ. ಪಿಟೀಲಿನವರ ಬಿರಡೆಗಳು ಸಡಿಲಿ ತಂತಿ ಇಳಿಯುತ್ತಿತ್ತು; ನನ್ನದು ಏರುತ್ತಿತ್ತು. ಅದು ಸಂಗೀತ ಕಛೇರಿಯಲ್ಲ, ಹಗ್ಗಜಗ್ಗಾಟ.

ವಾದ್ಯ ಬರಬೇಕಾದ ಕೋಣೆಯಲ್ಲಿ ತೇವಾಂಶ ಶೇಕಡಾ 45ರಿಂದ 55ರೊಳಗಿದ್ದರೆ ಮರಕ್ಕೂ ಚರ್ಮಕ್ಕೂ ಕ್ಷೇಮ. ಕನಿಷ್ಠ ಒಂದು ಗಂಟೆ ಮೊದಲೇ ಅದೇ ಕೋಣೆಯಲ್ಲಿ ವಾದ್ಯವನ್ನು ಇಡಲು ಬಿಡಬೇಕು. ನನ್ನನ್ನು ಆ ಒಂದು ಗಂಟೆ ಸ್ವಾಗತ ಕೊಠಡಿಯಲ್ಲಿ ಕೂರಿಸಿದ್ದರು, ಗುರುತಿನ ಚೀಟಿ ಸಿದ್ಧವಾಗಿರಲಿಲ್ಲ ಎಂದು.

ಸಂಭಾವನೆ? ಪ್ರಚಾರ ಸಿಗುತ್ತದೆ ಎಂದರು. ಬಾಡಿಗೆ ಕಾರಿಗೆ ಹೋಗಲು ಬರಲು ನನ್ನ ಕೈಯಿಂದಲೇ ಕೊಟ್ಟೆ. ಎರಡೂ ಚರ್ಮಗಳನ್ನು ಬದಲಿಸಿ ಬಿಗಿಸಲು ಆಮೇಲೆ ಕೊಟ್ಟದ್ದು ಬೇರೆ. ಕ್ಯಾಮೆರಾದವರಿಗೆ ಹಣ ಸಂದಿದೆ, ದೀಪದವರಿಗೆ ಸಂದಿದೆ. ನನಗೆ ಕಂಪನಿಯ ಲಾಂಛನವಿದ್ದ ಒಂದು ನೋಟ್‌ಪುಸ್ತಕ.

ಮಾನವಸಂಪನ್ಮೂಲ:
ಕಲಾವಿದರು ಹೀಗೆ ಕಹಿಯಾಗಿ ಮಾತನಾಡುವುದು ಬೇಸರ ತರುತ್ತದೆ. ನಾವು ಲಾಭಕ್ಕಾಗಿ ಇದನ್ನು ಮಾಡುವವರಲ್ಲ. ಸಿಬ್ಬಂದಿಯ ಮನಸ್ಸು ಹಗುರವಾಗಲಿ ಎಂಬ ಉದ್ದೇಶ. ನಮ್ಮಲ್ಲಿ ಹಾಡಿದವರೆಲ್ಲ ಸಂತೋಷದಿಂದ ಹೋಗಿದ್ದಾರೆ, ಒಬ್ಬರಿಗೆ ನಮ್ಮ ವಿಡಿಯೋದಿಂದ ಬೇರೆ ಕಡೆ ಅವಕಾಶವೂ ಬಂತು. ಎಲ್ಲದಕ್ಕೂ ಹಣದ ಅಳತೆ ಹಿಡಿಯಬಾರದು.

ಮೃದಂಗಿ:
ನೀವು ತಿಂಗಳ ಸಂಬಳವನ್ನು ಯಾವ ಅಳತೆಯಲ್ಲಿ ಪಡೆಯುತ್ತೀರಿ ಮೇಡಂ?

ಹಕ್ಕುಪತ್ರ:
ಜಗಳ ಮುಂದುವರಿಯಲಿ, ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ. ನಮಗೆ ಬಿದ್ದ ಪೆಟ್ಟು ಮೈಕ್‌ನಿಂದಲ್ಲ, ಸಂಭಾವನೆಯಿಂದಲೂ ಅಲ್ಲ. ಕೊನೆಯ ಹಾಡಿನಿಂದ. ಗಾಯಕರು ಮೂರು ಸ್ವಂತ ಹಾಡು ಹಾಡಿದರು, ಕೇಳುಗರು ಕೂಗಿದರೆಂದು ಇನ್ನೊಬ್ಬರ ಪ್ರಸಿದ್ಧ ಹಾಡೊಂದನ್ನು ಎತ್ತಿಕೊಂಡರು. ಎಲ್ಲರೂ ದನಿಗೂಡಿಸಿದರು. ವಿಡಿಯೋ ಹಾಕಿದ ಮರುದಿನವೇ ಹಕ್ಕುದಾರರಿಂದ ದೂರು, ವಿಡಿಯೋ ತೆರವು. ಜನರೆದುರು ಹಾಡಲು ಬೇಕಾದ ಪರವಾನಗಿಯೇ ಬೇರೆ, ಅದೇ ಹಾಡನ್ನು ಚಿತ್ರದೊಂದಿಗೆ ಜೋಡಿಸಲು ಬೇಕಾದ ಅನುಮತಿಯೇ ಬೇರೆ. ನಮ್ಮಲ್ಲಿ ಮೊದಲನೆಯದು ಇತ್ತು. ಎರಡನೆಯದನ್ನು ಕೇಳಲು ಹೋದರೆ ಸಾಹಿತ್ಯದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಪ್ರಕಾಶಕರು ಮತ್ತೆ ಇಬ್ಬರು. ವಕೀಲರ ಶುಲ್ಕ ಗೋಷ್ಠಿಯ ಇಡೀ ಖರ್ಚನ್ನು ಮೀರಿತು. ಆ ಹಾಡನ್ನು ಕತ್ತರಿಸಿ ಹಾಕಿದೆವು. ಕತ್ತರಿಸಿದ ಸಂಕಲನಕಾರರಿಗೆ ಮತ್ತೆ ಕೂಲಿ.

ಸ್ವಂತ ಹಾಡಾದರೂ ನೆಮ್ಮದಿಯಿಲ್ಲ. ಕಲಾವಿದರು ಯಾವುದಾದರೂ ಕಂಪನಿಯೊಂದಿಗೆ ರೆಕಾರ್ಡಿಂಗ್‌ಗೆ ಏಕಮಾತ್ರ ಒಪ್ಪಂದ ಮಾಡಿಕೊಂಡಿದ್ದರೆ, ತಮ್ಮದೇ ಧ್ವನಿಯನ್ನು ನಿಮಗೆ ಕೊಡುವ ಅಧಿಕಾರ ಅವರಿಗೆ ಇರುವುದಿಲ್ಲ. ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ವಿಡಿಯೋ ಎಲ್ಲಿ, ಎಷ್ಟು ಕಾಲ, ಕಲಾವಿದರೂ ಅದನ್ನು ಬಳಸಬಹುದೇ, ನಿಮ್ಮ ಜಾಹೀರಾತಿಗೆ ಬಳಸುತ್ತೀರಾ, ಎಲ್ಲವೂ ಅದರಲ್ಲಿರಲಿ.

ಕಟ್ಟಡಪಾಲಕ:
ನಾನು ನಿಮ್ಮೆಲ್ಲರ ಗೋಷ್ಠಿ ಮುಗಿದ ಮೇಲೆ ಬರುವವನು. ಒಂದು ತಂಡ ಬೆಳಕಿನ ಕಿರಣ ಕಾಣಲೆಂದು ಹೊಗೆ ಯಂತ್ರ ತಂದಿತು. ಕಚೇರಿಯ ಛಾವಣಿಯಲ್ಲಿ ಹೊಗೆ ಗುರುತಿಸುವ ಸಾಧನವಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಇಡೀ ಕಟ್ಟಡದ ಗಂಟೆ ಮೊಳಗಿತು, ಲಿಫ್ಟ್‌ಗಳೆಲ್ಲ ನೆಲಮಹಡಿಗೆ ಇಳಿದು ನಿಂತವು, ರಾತ್ರಿ ಪಾಳಿಯ ಇನ್ನೊಂದು ಕಂಪನಿಯ ಜನ ಮೆಟ್ಟಿಲಿಳಿದು ರಸ್ತೆಗೆ ಬಂದರು. ಅಗ್ನಿಶಾಮಕ ವಾಹನ ಬಂದು ಹೋದದ್ದಕ್ಕೆ, ಆ ಕಂಪನಿಯ ಕೆಲಸ ನಿಂತದ್ದಕ್ಕೆ ಎಲ್ಲ ಸೇರಿ ಬಿಲ್ ಬಂತು. ಯಾರ ಹೆಸರಿಗೆ ಎಂದು ಬಹಳ ಕಾಲ ಪತ್ರ ವ್ಯವಹಾರ ನಡೆಯಿತು. ತಂಡದವರು ‘ಅದು ಹೊಗೆಯಲ್ಲ, ನೀರಿನ ಆವಿ’ ಎಂದು ವಾದಿಸಿದರು. ಸಾಧನಕ್ಕೆ ಆ ವ್ಯತ್ಯಾಸ ತಿಳಿಯಲಿಲ್ಲ.

ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಪೆಟ್ಟು ಗಾಳಿಯಲ್ಲಿ ಹೋಗುವುದಕ್ಕಿಂತ ಕಾಂಕ್ರೀಟಿನಲ್ಲಿ ಚೆನ್ನಾಗಿ ಹೋಗುತ್ತದೆ. ಕೆಳಮಹಡಿಯವರು ದೂರುವುದು ಹಾಡನ್ನಲ್ಲ, ಆ ಗುದ್ದನ್ನು. ತೆಳು ರತ್ನಗಂಬಳಿ ಹಾಸಿ ‘ವ್ಯವಸ್ಥೆ ಮಾಡಿದ್ದೇವೆ’ ಎನ್ನಬೇಡಿ. ದಪ್ಪ ರಬ್ಬರಿನ ಮೇಲೆ ಪ್ಲೈವುಡ್ ಇಟ್ಟು, ಅದರ ಮೇಲೆ ಡ್ರಮ್ ಇಡಿ.

ಒಂಟಿಮೈಕ್:
ಅಥವಾ ಕಿಕ್ ಡ್ರಮ್ಮನ್ನೇ ಕರೆಯಬೇಡಿ. ಕೂತು ಕೈಯಿಂದ ಬಾರಿಸುವ ಪೆಟ್ಟಿಗೆ ವಾದ್ಯ ಕಹೋನ್ ಸಾಕು.

ಎಂಟುಚಾನೆಲ್:
ಆಮೇಲೆ ಗಿಟಾರ್ ಬೇಡ, ಗಾಯಕಿಯೂ ಬೇಡ, ನಿಮ್ಮ ಮೈಕ್ ಒಂದನ್ನೇ ಕೂರಿಸಿ ಕೇಳುತ್ತಾ ಇರಬಹುದು.

ಕಿಟಕಿಮೇಜು:
ಎಲ್ಲರಿಗೂ ಧನ್ಯವಾದ. ಗಾಜಿನ ಗೋಡೆಯ ಬಗ್ಗೆ ಯಾರಾದರೂ?

ಹಿಂದಿನಸಾಲು:
ಗಾಜಿನಿಂದ ಒಂದು ಗೇಣು ಬಿಟ್ಟು ದಪ್ಪ ಪರದೆ, ಮಡಿಕೆ ಮಡಿಕೆಯಾಗಿ. ಕಲಾವಿದರನ್ನು ಗಾಜಿಗೆ ನೇರ ಎದುರು ಕೂರಿಸದೆ ಓರೆಯಾಗಿ ಕೂರಿಸಿ. ಅವರ ಹಿಂದೆ ತುಂಬಿದ ಪುಸ್ತಕದ ಕಪಾಟು ಇರಲಿ. ಮೂವತ್ತು ಜನರ ಬಟ್ಟೆಬರೆಯೂ ಸದ್ದು ಹೀರುತ್ತದೆ, ಹಾಗಾಗಿ ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ ಹೆದರಬೇಡಿ.

ನಾನು ಬರೆಯಲು ಬಂದದ್ದು ಬೇರೆ. ಟೈನಿ ಡೆಸ್ಕ್ ಕಲ್ಪನೆ ಹುಟ್ಟಿದ್ದೇ ಗದ್ದಲದಿಂದ. 2008ರಲ್ಲಿ ಆಸ್ಟಿನ್‌ನ ಸಂಗೀತೋತ್ಸವದಲ್ಲಿ ಗಾಯಕಿ ಲಾರಾ ಗಿಬ್ಸನ್ ಹಾಡುತ್ತಿದ್ದಾಗ ಜನರ ಮಾತಿನ ನಡುವೆ ಅವರ ಧ್ವನಿ ಕೇಳಿಸಲಿಲ್ಲ. ನಮ್ಮ ಮೇಜಿನ ಬಳಿ ಬಂದು ಹಾಡಬಹುದು ಎಂದು ಎನ್‌ಪಿಆರ್‌ನ ಸ್ಟೀಫನ್ ಥಾಂಪ್ಸನ್ ತಮಾಷೆ ಮಾಡಿದರು, ಗಿಬ್ಸನ್ ಬಂದೇ ಬಂದರು. ವಾಷಿಂಗ್ಟನ್‌ನಲ್ಲಿ ಥಾಂಪ್ಸನ್ ಅವರ ಸಹೋದ್ಯೋಗಿ ಬಾಬ್ ಬಾಯ್ಲನ್ ಅವರ ಮೇಜಿನ ಬಳಿ ಮೊದಲ ಗೋಷ್ಠಿ. ನಮ್ಮ ಕಚೇರಿಯಲ್ಲಿ ನಡೆಯುವುದು ತಲೆಕೆಳಗು: ಮೊದಲು ಕ್ಯಾಮೆರಾ, ಆಮೇಲೆ ದೀಪ, ಕೊನೆಗೆ ‘ಯಾರಾದರೂ ಹಾಡುವವರು ಸಿಗುತ್ತಾರೆಯೇ’ ಎಂದು ಹುಡುಕಾಟ.

ಎಂಟುಚಾನೆಲ್:
ಪರದೆ ಬೇಡ, ಫೋಮ್ ಹಾಕಿಸಿ. ನಾನು ಹಾಕಿಸಿದ್ದೇನೆ, ಚೆನ್ನಾಗಿದೆ.

ಒಂಟಿಮೈಕ್:
ತೆಳು ಫೋಮ್ ಮೇಲಿನ ಸ್ವರಗಳನ್ನಷ್ಟೇ ನುಂಗುತ್ತದೆ. ಕೆಳಗಿನ ಗುಮ್ಮೆನ್ನುವ ಸದ್ದು ಹಾಗೆಯೇ ಉಳಿಯುತ್ತದೆ. ಧ್ವನಿ ಮಂಕಾಗಿ, ಕೋಣೆ ಇನ್ನೂ ಗುಂಯ್‌ಗುಡುತ್ತದೆ. ನಿಮ್ಮ ವಿಡಿಯೋಗಳನ್ನು ಕೇಳಿದ್ದೇನೆ.

ಎಂಟುಚಾನೆಲ್:
ಕೇಳಿದ್ದರೆ ಅಲ್ಲೇ ಬರೆಯಬಹುದಿತ್ತು. ನಿಮ್ಮ ವಿಡಿಯೋದಲ್ಲಿ ಕಾಗದ ಬೀಸುವ ಸದ್ದಿಗೆ ನಾನೂ ತಾಳ ಹಾಕಿದ್ದೇನೆ.

ಮಾನವಸಂಪನ್ಮೂಲ:
ರ್‍ಯಾಪ್ ಬಗ್ಗೆ ಒಂದು ಮಾತು. ಸ್ಪೀಕರ್ ಇಲ್ಲದೆ ರ್‍ಯಾಪ್ ಆಗುವುದಿಲ್ಲ ಎಂದು ನಮ್ಮ ತಾಂತ್ರಿಕ ತಂಡ ಹೇಳಿತು. ಅದಕ್ಕೇ ನಾವು ಆ ಪ್ರಕಾರವನ್ನು ಕೈಬಿಟ್ಟೆವು.

ಹಿಂದಿನಸಾಲು:
2014ರಲ್ಲಿ ಅಮೆರಿಕದ ಟಿ-ಪೇನ್, ತಮ್ಮ ಹೆಸರಿಗೇ ಅಂಟಿಕೊಂಡಿದ್ದ ಆಟೋಟ್ಯೂನ್ (ಸ್ವರ ತಿದ್ದುವ ತಂತ್ರಾಂಶ) ಇಲ್ಲದೆ, ಪಕ್ಕದಲ್ಲಿ ಒಂದು ಕೀಬೋರ್ಡ್ ಇಟ್ಟುಕೊಂಡು ಟೈನಿ ಡೆಸ್ಕ್‌ನ ಆ ಮೇಜಿನ ಹಿಂದೆ ಕೂತು ಹಾಡಿದರು. ಅವರಿಗೆ ಹಾಡಲು ಬರುತ್ತದೆ ಎಂದು ಎಷ್ಟೋ ಜನರಿಗೆ ಗೊತ್ತಾದದ್ದೇ ಆವತ್ತು. ಪ್ರಕಾರವನ್ನು ಕೈಬಿಡಬೇಡಿ, ತಾಂತ್ರಿಕ ತಂಡವನ್ನು ಬದಲಿಸಿ.

ಮಾನವಸಂಪನ್ಮೂಲ:
ಟಿ-ಪೇನ್ ಹಾಡುಗಾರರು, ರ್‍ಯಾಪರ್ ಅಲ್ಲ. ವಿಷಯ ತಿಳಿದು ಬರೆಯಿರಿ.

ಹಿಂದಿನಸಾಲು:
ಅವರು ಎರಡನ್ನೂ ಮಾಡುತ್ತಾರೆ. ಶುರುವಾದದ್ದೇ ರ್‍ಯಾಪ್ ತಂಡದಿಂದ.

ಹಕ್ಕುಪತ್ರ:
ಮೃದಂಗದ ಸರ್, ಒಂದು ಸಂಶಯ. ನಿಮ್ಮ ವಿಡಿಯೋವನ್ನು ಆ ಕಂಪನಿ ಈಗಲೂ ಬಳಸುತ್ತಿದೆಯೇ? ನೀವು ಸಹಿ ಮಾಡಿದ ಒಪ್ಪಂದದಲ್ಲಿ ಅವಧಿ ಏನೆಂದಿದೆ?

ಮೃದಂಗಿ:
ಬಳಸುತ್ತಿದೆ, ಉದ್ಯೋಗ ಮೇಳದಲ್ಲಿ ದೊಡ್ಡ ಪರದೆಯ ಮೇಲೆ. ಒಪ್ಪಂದ ಯಾವುದು? ನಾನು ಸಹಿ ಮಾಡಿದ್ದು ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ಕೊಟ್ಟ ಸಂದರ್ಶಕರ ಪುಸ್ತಕದಲ್ಲಿ ಮಾತ್ರ. ‘ಭೇಟಿಯ ಉದ್ದೇಶ’ ಎಂಬಲ್ಲಿ ಅವರೇ ‘ಸಾಮಾನು ಸರಬರಾಜು’ ಎಂದು ಬರೆದುಕೊಂಡಿದ್ದರು.

ಹಕ್ಕುಪತ್ರ:
ಹಾಗಾದರೆ ನನಗೆ ಖಾಸಗಿಯಾಗಿ ಬರೆಯಿರಿ. ಆ ಪುಟದ ಫೋಟೊ ಸಿಗುತ್ತದೆಯೇ ನೋಡಿ.