ಪದಚರ್ಚೆ: ಸಪ್ತಶತಿ ‘ಓದುವುದು’, ‘ಪಾರಾಯಣ ಮಾಡುವುದು’, ‘ಪುರಾಣ ಹಚ್ಚುವುದು’

ಗೆಳೆಯರೇ, ನಮಸ್ಕಾರ.

ದೇವಿಯ ಮಹಿಮೆ ಹೇಳುವ ಸಂಸ್ಕೃತ ಗ್ರಂಥ ದುರ್ಗಾ ಸಪ್ತಶತಿಯನ್ನು ‘ಓದಿಸಿದೆವು’ ಅಂತ ಹೇಳುವವರು ಕಡಿಮೆ, ‘ಪಾರಾಯಣ ಮಾಡಿಸಿದೆವು’ ಅಂತಲೇ ಹೇಳುತ್ತಾರೆ. ಹಾಗಿರುವಾಗ ಪಾರಾಯಣಕ್ಕೆ ‘ಓದು’ ಅಂತ ಅರ್ಥ ಬರೆದು ಮುಂದೆ ಹೋದರೆ ಸಾಕಾ? ನನಗಂತೂ ಸಾಲದು ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ, ನಿಮಗೆ ಗೊತ್ತಿರುವುದನ್ನೂ ಬರೆಯಿರಿ.

ಪದ ಬಿಡಿಸಿದರೆ ಪಾರ, ಅಯನ. ಆಚೆ ದಡ ಮುಟ್ಟುವ ತನಕ ಹೋಗುವುದು. ನಡೆಯುವುದೂ ಹಾಗೇ. ಮೊದಲು ಕವಚ, ಅರ್ಗಲ, ಕೀಲಕ ಅನ್ನುವ ಸ್ತೋತ್ರಗಳು, ನವಾರ್ಣ ಅನ್ನುವ ಒಂಬತ್ತಕ್ಷರದ ಮಂತ್ರದ ಜಪ, ಆಮೇಲೆ 13 ಅಧ್ಯಾಯ, ಕೊನೆಗೆ ರಹಸ್ಯಗಳು ಅನ್ನುವ ಅನುಬಂಧ ಭಾಗಗಳು. ಅಧ್ಯಾಯದ ನಡುವೆ ಏಳಬಾರದು. ಪುಸ್ತಕವನ್ನು ಕೈಯಲ್ಲಿ ಹಿಡಿಯದೆ ಪೀಠದ ಮೇಲೆ ಇಟ್ಟುಕೊಳ್ಳಬೇಕು. ಮನಸ್ಸಿನಲ್ಲೇ ಓದಿಕೊಂಡರೆ ಲೆಕ್ಕಕ್ಕಿಲ್ಲ, ಬಾಯಿ ಬಿಟ್ಟು ಹೇಳಬೇಕು. ಕಾದಂಬರಿ ಓದುವವರಿಗೆ ಇಂಥ ಯಾವ ಕಟ್ಟೂ ಇಲ್ಲ ಅಲ್ವಾ?

ಇದಕ್ಕಿಂತ ದೊಡ್ಡ ಸಾಕ್ಷಿ ಆ ಹೆಸರಿನಲ್ಲೇ ಇದೆ. ಸಪ್ತಶತಿ ಅಂದರೆ 700. ಇದು ಮಾರ್ಕಂಡೇಯ ಪುರಾಣದ 81ರಿಂದ 93ರವರೆಗಿನ ಅಧ್ಯಾಯಗಳು. ಸುಮ್ನೆ ಕೂತು ಶ್ಲೋಕ ಎಣಿಸಿದರೆ 700 ಬರುವುದೇ ಇಲ್ಲ, ಕಡಿಮೆ ಬೀಳುತ್ತದೆ. 700 ಆಗುವುದು ಮಂತ್ರದ ಲೆಕ್ಕದಲ್ಲಿ. ‘ಋಷಿರುವಾಚ’ ಅನ್ನುವುದೂ ಒಂದು ಮಂತ್ರ, ಕೆಲವು ಕಡೆ ಅರ್ಧ ಶ್ಲೋಕವೂ ಒಂದು ಮಂತ್ರ. ಐದನೇ ಅಧ್ಯಾಯದ ‘ಯಾ ದೇವೀ ಸರ್ವಭೂತೇಷು’ ಎಲ್ಲರಿಗೂ ಗೊತ್ತು. ಪಾರಾಯಣದ ಕ್ರಮ ಹೇಳುವ ಪದ್ಧತಿಯ ಪುಸ್ತಕ ತೆಗೆದು ನೋಡಿ. ಮೊದಲ ‘ನಮಸ್ತಸ್ಯೈ’ಗೆ ಒಂದು ಅಂಕಿ, ಎರಡನೇ ‘ನಮಸ್ತಸ್ಯೈ’ ಒಂದೇ ಪದವಾದರೂ ಅದಕ್ಕೆ ಇನ್ನೊಂದು ಅಂಕಿ, ‘ನಮಸ್ತಸ್ಯೈ ನಮೋ ನಮಃ’ಕ್ಕೆ ಮೂರನೇ ಅಂಕಿ. ಸಪ್ತಶತಿಯ ಮಂತ್ರಗಳಿಂದ ಮಾಡುವ ಚಂಡೀಹೋಮದಲ್ಲಿ ಈ ಲೆಕ್ಕದ ಪ್ರಕಾರವೇ ಆಹುತಿ ಬೀಳುವುದು. ಕಥೆ ಓದುವವನಿಗೆ ‘ಋಷಿ ಹೇಳಿದನು’ ಅನ್ನುವುದು ಕಣ್ಣು ಹಾರಿಸಿ ಹೋಗುವ ಮಾತು. ಹೋಮಕುಂಡದ ಮುಂದೆ ಅದಕ್ಕೂ ಒಂದು ಆಹುತಿ ಉಂಟು.

ಅರ್ಥ ಗೊತ್ತಿಲ್ಲದೆ ಬಾಯಿಪಾಠ ಒಪ್ಪಿಸಿದರೆ ಏನು ಬಂತು ಅಂತ ಕೇಳುವವರಿದ್ದಾರೆ. ಪ್ರಶ್ನೆ ಸರಿಯೇ, ನಾನೂ ಅರ್ಥ ತಿಳಿದು ಹೇಳುವುದೇ ಮೇಲು ಅನ್ನುವವನು. ಆದರೆ ಆ ಗ್ರಂಥವೇ ಏನು ಹೇಳುತ್ತದೆ ನೋಡಿ. 12ನೇ ಅಧ್ಯಾಯದಲ್ಲಿ ದೇವಿ ತನ್ನ ಮಹಾತ್ಮೆಯನ್ನು ಅಷ್ಟಮಿ, ನವಮಿ, ಚತುರ್ದಶಿಗಳಲ್ಲಿ ಭಕ್ತಿಯಿಂದ ಕೇಳಿ ಅನ್ನುತ್ತಾಳೆ. ಶರತ್ಕಾಲದಲ್ಲಿ ವರ್ಷಕ್ಕೊಮ್ಮೆ ಮಾಡುವ ಮಹಾಪೂಜೆಯ ಮಾತೂ ಅಲ್ಲೇ ಬರುತ್ತದೆ. ಪೂಜೆಯನ್ನು ‘ಜಾನತಾಜಾನತಾ ವಾಪಿ’, ತಿಳಿದು ಮಾಡಲಿ ತಿಳಿಯದೆ ಮಾಡಲಿ, ಪ್ರೀತಿಯಿಂದ ಒಪ್ಪಿಕೊಳ್ಳುತ್ತೇನೆ ಅನ್ನುತ್ತಾಳೆ. ತನ್ನನ್ನು ಹೇಗೆ ಬಳಸಬೇಕು ಅಂತ ಗ್ರಂಥ ತಾನೇ ಹೇಳಿಕೊಂಡಿದೆ!

ಬಂಗಾಳದಲ್ಲಿ ಗ್ರಂಥದ ಹೆಸರೇ ‘ಚಂಡಿ’, ಹೇಳುವುದು ‘ಚಂಡೀಪಾಠ’. ಮಹಾಲಯದ ಬೆಳಗಿನ ಜಾವ ರೇಡಿಯೊದಲ್ಲಿ ಚಂಡೀಪಾಠ ಹೇಳಿದ ಬೀರೇಂದ್ರ ಕೃಷ್ಣ ಭದ್ರರ ದನಿ ಕೇಳುವುದು ಅಲ್ಲಿನವರಿಗೆ ಹಬ್ಬದ ಶುರುವೇ ಆಗಿದೆ. ಆ ಕಾರ್ಯಕ್ರಮ ಆರಂಭವಾದದ್ದು 1931ರಲ್ಲಿ. ನಮ್ಮಲ್ಲಿ ಪಾಠ ಅಂದರೆ ಶಾಲೆಯ ಪಾಠವೇ ಮೊದಲು ನೆನಪಾಗುವುದು, ಹಾಗಾಗಿ ಪಾರಾಯಣ ಗಟ್ಟಿಯಾಗಿ ನಿಂತಿತೋ ಏನೋ.

ಈಗ ನನ್ನ ಮುಖ್ಯ ಪ್ರಶ್ನೆ. ಉತ್ತರ ಕರ್ನಾಟಕದ ಕಡೆ ‘ನಮ್ಮೂರಾಗ ದೇವಿ ಪುರಾಣ ಹಚ್ಯಾರ’ ಅನ್ನುತ್ತಾರೆ. ಅಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಚಿದಾನಂದಾವಧೂತರ ಕನ್ನಡ ದೇವೀಮಹಾತ್ಮೆ, ಭಾಮಿನಿ ಷಟ್ಪದಿಯದು. ಒಬ್ಬರು ಹಾಡಿದ ಹಾಗೆ ಪದ್ಯ ಓದುತ್ತಾರೆ, ಜೊತೆಗೆ ಹಾರ್ಮೋನಿಯಂ, ತಬಲಾ. ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಕೊನೆಯ ದಿನ ಪುರಾಣ ‘ಮಂಗಲ’, ಮುತ್ತೈದೆಯರಿಗೆ ಉಡಿ ತುಂಬುವುದು. ಅಂದರೆ ಇಲ್ಲಿ ಪುರಾಣ ಅನ್ನುವುದು ಪುಸ್ತಕದ ಹೆಸರಾಗಿ ಉಳಿದಿಲ್ಲ, ಊರು ಸೇರಿ ನಡೆಸುವ ಒಂದು ಕಾರ್ಯದ ಹೆಸರಾಗಿದೆ. ಕರಾವಳಿಗೆ ಹೋದರೆ ಇದೇ ಕಥೆ ಯಕ್ಷಗಾನದ ‘ದೇವಿ ಮಹಾತ್ಮೆ’. ಹರಕೆ ಹೊತ್ತವರು ಆಟ ‘ಆಡಿಸುತ್ತಾರೆ’. ಮಾಡಿಸುವುದು, ಹಚ್ಚಿಸುವುದು, ಆಡಿಸುವುದು, ಎಲ್ಲಾ ಕೈಯಿಂದ ಆಗುವ ಕೆಲಸದ ಮಾತುಗಳೇ! ಸಂಸ್ಕೃತ ಬಲ್ಲವರ ಗುಂಪಿನಾಚೆಗೂ ಈ ಗ್ರಂಥ ಬದುಕಿರುವುದು ಹೀಗೆ ಅಂತ ನನ್ನ ನಂಬಿಕೆ. ಚೌಡಿಕೆ ವಾದ್ಯ ನುಡಿಸುತ್ತಾ ಹಾಡುವ ಸವದತ್ತಿ ಎಲ್ಲಮ್ಮನ ಚೌಡಿಕೆ ಪದಗಳ ದಾರಿ ಬೇರೆಯೇ, ಅದನ್ನು ಇದರೊಳಗೆ ತುರುಕುವುದು ಬೇಡ.

ಈ ‘ಹಚ್ಚು’ ಯಾವ ಹಚ್ಚು? ದೀಪ ಹಚ್ಚುವುದರಲ್ಲಿ ಇರುವುದೇ, ಅಥವಾ ‘ಕೆಲಸಕ್ಕೆ ಹಚ್ಚು’ ಅನ್ನುವಾಗಿನ, ತೊಡಗಿಸು ಅನ್ನುವ ಅರ್ಥದ್ದೇ? ನನಗೆ ಎರಡನೆಯದೇ ಸರಿ ಕಾಣುತ್ತದೆ. ಧಾರವಾಡ, ಬಿಜಾಪುರ, ರಾಯಚೂರು ಕಡೆಯವರು ಹೇಳಬೇಕು. ಹಳೇ ಮೈಸೂರಿನ ಕಡೆ, ಮಲೆನಾಡಿನಲ್ಲಿ ಕನ್ನಡ ದೇವೀಮಹಾತ್ಮೆ ಓದುವುದಕ್ಕೂ ಪಾರಾಯಣ ಅಂತಲೇ ಹೇಳುತ್ತೀರಾ, ಬೇರೆ ಮಾತು ಇದೆಯಾ? ಮನೆಯ ಹಿರಿಯರ ಬಾಯಲ್ಲಿ ಕೇಳಿದ ಮಾತನ್ನು ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ.