ನುಡಿಯಲ್ಲಿ ಟೈಪ್ ಮಾಡಿದ ಮಾವಿನ ಪಟ್ಟಿ ಬ್ರೌಸರ್‌ನಲ್ಲಿ ಗಜಿಬಿಜಿ

ತೋಪಿನಮನೆ, ಶ್ರೀನಿವಾಸಪುರ
ನಮ್ಮ ತೋಪಿನ ಹಣ್ಣಿಗೆ ಒಂದು ವೆಬ್ ಪುಟ ಮಾಡೋಣ ಅಂತ ಹೊರಟೆ. ಬಾದಾಮಿ, ರಸಪುರಿ, ಮಲ್ಲಿಕಾ, ಮೂರೇ ಜಾತಿ. ವೆಬ್ ಪುಟ ಬರೆಯುವ ಭಾಷೆ ಎಚ್‌ಟಿಎಂಎಲ್ ಕಲಿಯಲು ಶುರು ಮಾಡಿ ಒಂದು ವಾರ ಆಗಿದೆ ಅಷ್ಟೆ. ಅಪ್ಪ ಹೇಳಿದ ಬೆಲೆ ಪಟ್ಟಿಯನ್ನು ನುಡಿಯಲ್ಲಿ (ಕನ್ನಡ ಟೈಪಿಂಗ್ ತಂತ್ರಾಂಶ) ಟೈಪ್ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿದೆ. ಬ್ರೌಸರ್‌ನಲ್ಲಿ ತೆಗೆದರೆ ಕನ್ನಡವೇ ಇಲ್ಲ! ತಲೆ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು. ಅಪ್ಪ ಇಣುಕಿ ನೋಡಿ, "ಇದ್ಯಾವ ದೇಶಕ್ಕೆ ಹಣ್ಣು ಕಳಿಸ್ತಿದ್ದೀಯಮ್ಮಾ?" ಅಂದರು.

ಇನ್ನೊಂದು ತೊಂದರೆ. ಒಂದೊಂದು ಜಾತಿಗೂ ಎಂಟರ್ ಒತ್ತಿ ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದೆ. ಎಲ್ಲವೂ ರೈಲು ಬೋಗಿಗಳ ಹಾಗೆ ಒಂದರ ಹಿಂದೆ ಒಂದು ಅಂಟಿಕೊಂಡಿವೆ. ಎಲ್ಲಿ ತಪ್ಪಿದೆ?

ಶಿರಾಗೇಟ್, ತುಮಕೂರು
ಈ ಅವತಾರ ನಾನೂ ನೋಡಿದ್ದೇನಮ್ಮಾ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದರೆ ಫೈಲಿನೊಳಗೆ ಕೂರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದ ವೇಷ ಹಾಕುವುದು ಫಾಂಟ್. ನೋಟ್‌ಪ್ಯಾಡ್‌ನಲ್ಲಿ ಫಾಂಟನ್ನು ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐಗೆ ಬದಲಾಯಿಸಿ ನೋಡಿ. ಅಲ್ಲೂ ಗಜಿಬಿಜಿ ಆದರೆ ಅದು ಯೂನಿಕೋಡ್ (ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ. ಪರಿವರ್ತಕಗಳು ಇವೆ, ಆದರೆ ಒತ್ತಕ್ಷರ ಕೆಡಿಸುವುದೂ ಉಂಟು. ಮೂರೇ ಜಾತಿ ಅಲ್ವಾ, ಸುಮ್ನೆ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ. ಸೇವ್ ಮಾಡುವಾಗ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಬರೆದಿಡುವ ರೀತಿ) ಯುಟಿಎಫ್-8 ಇರಲಿ. ಎಎನ್‌ಎಸ್‌ಐ ಎಂಬ ಹಳೆಯ ರೀತಿ ಇದ್ದರೆ ಅಕ್ಷರವೆಲ್ಲ ಪ್ರಶ್ನೆ ಗುರುತಾಗಿ ಹೋಗುತ್ತದೆ.

ಇನ್ನು ಎಂಟರ್. ನೀವು ಹತ್ತು ಸಲ ಒತ್ತಿದರೂ ಬ್ರೌಸರ್ ಅದನ್ನು ಒಂದು ಸ್ಪೇಸ್ ಅಂತಲೇ ಎಣಿಸುತ್ತದೆ. ಪ್ಯಾರಾಗೆ ಪಿ ಟ್ಯಾಗ್ (ಬ್ರೌಸರ್‌ಗೆ ಕೊಡುವ ಸೂಚನೆ), ಬರೀ ಸಾಲು ಮುರಿಯಲು ಬಿಆರ್. (ಇಲ್ಲಿ ಟ್ಯಾಗನ್ನು ಹಾಗೇ ಟೈಪ್ ಮಾಡಿದರೆ ಮಾಯವಾಗುತ್ತದೆ, ಅದಕ್ಕೇ ಕನ್ನಡದಲ್ಲಿ ಬರೆದೆ. ಫೈಲಿನಲ್ಲಿ ಇಂಗ್ಲಿಷೇ ಬೇಕು.)

ತೋಪಿನಮನೆ, ಶ್ರೀನಿವಾಸಪುರ
ಹೊಸದಾಗಿ ಟೈಪ್ ಮಾಡಿದೆ ಸರ್. ಮನೆ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಬಂತು. ನೆಟ್‌ಗೆ ಹಾಕಿ ಅಣ್ಣನ ಫೋನಿನಲ್ಲಿ ತೆಗೆದರೆ ಮತ್ತೆ ಅದೇ ಗೋಳು! ಆದರೆ ಈ ಸಲ ಎಲ್ಲಿ ನೋಡಿದರೂ ತಲೆ ಮೇಲೆ ಗೀಟು ಎಳೆದ ಒಂದೇ ಇಂಗ್ಲಿಷ್ 'ಎ' ಜಾಸ್ತಿ ಕಾಣುತ್ತಿದೆ.

ರೇಷ್ಮೆಗೂಡು, ಶಿಡ್ಲಘಟ್ಟ
ಆ ಗೀಟಿನ 'ಎ'ನೇ ಸುಳಿವು. ಯುಟಿಎಫ್-8ರಲ್ಲಿ 'ಕ' ಬರೆಯಲು 3 ಬೈಟ್ (ಫೈಲಿನಲ್ಲಿ ಅಕ್ಷರ ಇಡುವ ಚಿಕ್ಕ ಖಾನೆ) ಬೇಕು. 'ಕಾ' ಆದರೆ ದೀರ್ಘದ ಗುರುತಿಗೆ ಇನ್ನೂ 3. ಕನ್ನಡದ ಎಲ್ಲ ಅಕ್ಷರಕ್ಕೂ ಮೊದಲ ಬೈಟ್ ಒಂದೇ. ಫೋನಿನ ಬ್ರೌಸರ್ ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದುತ್ತಿದೆ, ಅದಕ್ಕೇ ಅದೇ 'ಎ' ಮತ್ತೆ ಮತ್ತೆ. ಮನೆಯಲ್ಲಿ ಬ್ರೌಸರ್ ಊಹೆ ಮಾಡಿ ಸರಿಯಾಗಿ ತೋರಿಸಿರಬೇಕು.

ಹೆಡ್ ಟ್ಯಾಗ್ ಶುರುವಾದ ಕೂಡಲೇ ಮೆಟಾ ಚಾರ್‌ಸೆಟ್ ಯುಟಿಎಫ್-8 ಅಂತ ಹಾಕಿ, ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕೆಂದು ಬ್ರೌಸರ್‌ಗೆ ಹೇಳುವುದು ಅದೇ. ಫೈಲಿನ ಮೊದಲ 1024 ಬೈಟ್‌ಗಳ ಒಳಗೇ ಅದು ಬರಬೇಕು. ಅಂದ ಹಾಗೆ, ಬೆಲೆ ಪಟ್ಟಿಗೆ ಬಿಆರ್ ಯಾಕೆ? ಟೇಬಲ್ ಮಾಡಿ.

ತೋಪಿನಮನೆ, ಶ್ರೀನಿವಾಸಪುರ
ಬಂತು ಅಕ್ಕಾ! ಅಣ್ಣನ ಫೋನಿನಲ್ಲೂ ಬಾದಾಮಿ ಬಾದಾಮಿಯಾಗೇ ಇದೆ. ಅಪ್ಪ ಆಗಲೇ ತೋತಾಪುರಿನೂ ಸೇರಿಸು ಅಂತಿದ್ದಾರೆ. ಟೇಬಲ್ ರಾತ್ರಿ ಕೂತು ಮಾಡುತ್ತೇನೆ.