ಇಂಜೆರಾಗೆ ಕಣ್ಣು ಬರೋಕೆ ಏನು ಮಾಡಬೇಕು?

ದಾವಣಗೆರೆಯಿಂದ ಪ್ರಶ್ನೆ:

ನಮ್ಮ ಯಜಮಾನರಿಗೆ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ ನಾಲ್ಕು ವರ್ಷ ಅಲ್ಲಿದ್ದೆವು. ಮನೆ ಓನರ್ ಅಜ್ಜಿಯನ್ನು ಅಲ್ಲಿನವರ ಹಾಗೆ ಎಮಾಮ ಅಂತಲೇ ಕರೆಯುತ್ತಿದ್ದೆವು. ಅಲ್ಲಿನ ಹುಳಿ ದೋಸೆಯಂಥ ಇಂಜೆರಾ ಹುಯ್ಯೋದು, ಅದರ ಜೊತೆಗೆ ಮಸೂರ್ ಬೇಳೆಯ ಖಾರದ ಮಿಸಿರ್ ವೊಟ್ ಮಾಡೋದು, ಎರಡನ್ನೂ ಕಲಿಸಿದವರು ಅವರೇ. ಊರಿಗೆ ಬಂದು ಎರಡು ವರ್ಷವಾಯ್ತು. ಇಂಜೆರಾಗೆ ಅಂತ ತಂದಿದ್ದ ಟೆಫ್ ಅನ್ನೋ ಅಲ್ಲಿನ ಸಣ್ಣ ಕಾಳಿನ ಹಿಟ್ಟು ಮುಗಿದಿದೆ. ರಾಗಿ ಹಿಟ್ಟಿನಲ್ಲಿ ಮೂರು ದಿನ ಹುದುಗಿಸಿ ಮಾಡಿದರೆ ಹುಳಿ ಜಾಸ್ತಿ, ಮೇಲೆ ಸಣ್ಣ ಸಣ್ಣ ತೂತು, ಅಂದರೆ ಕಣ್ಣೇ ಬರಲ್ಲ. ವೊಟ್ ಅಂತೂ ಬೇಳೆಸಾರೇ ಆಗುತ್ತೆ. ಮಗ ಮಾತು ಕಲಿತದ್ದೇ ಅಲ್ಲಿ. "ಎಮಾಮ ಮಾಡಿದ ಹಾಗಿಲ್ಲ" ಅಂತ ತಟ್ಟೆ ಸರಿಸುತ್ತಾನೆ. ಎಮಾಮ ಹೋದ ವರ್ಷ ತೀರಿಕೊಂಡರು. ಯಾರನ್ನು ಕೇಳಲಿ? ಆ ಕಡೆ ಇದ್ದು ಬಂದವರು ದಯವಿಟ್ಟು ಹೇಳಿ.

ಮೈಸೂರಿನಿಂದ, ಆರು ವರ್ಷ ಇಥಿಯೋಪಿಯಾದ ಬಹಿರ್ ದಾರ್‌ನಲ್ಲಿದ್ದವರು:

ಅಕ್ಕಾ, ನಿಮ್ಮ ರಾಗಿಯದ್ದು ತಪ್ಪಿಲ್ಲ. ಅಲ್ಲಿಯೂ ರಾಗಿ ಬೆಳೆಯುತ್ತಾರೆ, ದಾಗುಸ ಅಂತಾರೆ, ಇಂಜೆರಾಗೂ ಬೆರೆಸುತ್ತಾರೆ. ನಮ್ಮ ರಾಗಿಯ ತವರೇ ಆ ಎತ್ತರದ ನಾಡು. ಬರೀ ರಾಗಿ ಹಾಕಿದರೆ ಮಾತ್ರ ಮುರಿಯುತ್ತೆ. ನಾನು ಎರಡು ಲೋಟ ರಾಗಿಗೆ ಒಂದು ಲೋಟ ಜೋಳದ ಹಿಟ್ಟು, ಒಂದು ಲೋಟ ಮೈದಾ ಹಾಕುತ್ತೇನೆ.

ಹುಳಿಗೆ ಕಾರಣ ದಾವಣಗೆರೆಯ ಸೆಕೆ. ಅಡಿಸ್ ಅಬಾಬಾ ಇರೋದು 2,300 ಮೀಟರ್‌ಗೂ ಜಾಸ್ತಿ ಎತ್ತರದಲ್ಲಿ, ರಾತ್ರಿ ಚಳಿ. ಅಲ್ಲಿ ಮೂರು ದಿನ ಬೇಕು. ನಿಮ್ಮಲ್ಲಿ ಒಂದೂವರೆ ದಿನ ಸಾಕು, ಬೇಸಿಗೆಯಲ್ಲಿ ಒಂದೇ ದಿನ.

ಇನ್ನು ಕಣ್ಣು. ನೀವು ಅಬ್ಸಿತ್ ಮಾಡೋದನ್ನು ಬಿಟ್ಟಿದ್ದೀರಿ ಅನ್ನಿಸುತ್ತೆ. ಹುದುಗಿದ ಹಿಟ್ಟಿನ ಮೇಲೆ ನಿಂತ ನೀರನ್ನು ಬಸಿದು ಒಂದು ಬಟ್ಟಲಿನಲ್ಲಿ ಎತ್ತಿಡಿ. ಅದು ಎರ್ಶೋ, ಮುಂದಿನ ಸಲಕ್ಕೆ ಹೆಪ್ಪು. ಆಮೇಲೆ ಒಂದು ಸೌಟು ಹಿಟ್ಟನ್ನು ಒಂದೂವರೆ ಲೋಟ ನೀರಿಗೆ ಹಾಕಿ, ಕೈ ಬಿಡದೆ ತಿರುಗಿಸುತ್ತಾ ಅಂಬಲಿ ಥರ ಕುದಿಸಿ. ಇದೇ ಅಬ್ಸಿತ್. ಉಗುರುಬೆಚ್ಚಗಾದ ಮೇಲೆ ಉಳಿದ ಹಿಟ್ಟಿಗೆ ಕಲಸಿ, ಮುಚ್ಚಿಡಿ. ಒಂದೆರಡು ಗಂಟೆಯಲ್ಲಿ ನೊರೆ ಉಬ್ಬುತ್ತೆ. ನೊರೆ ಬಾರದೆ ಹುಯ್ಯಬೇಡಿ.

ನನಗೆ ಇದನ್ನು ಕಲಿಸಿದ್ದು ಪಕ್ಕದ ಮನೆಯವರು. ನಾನು ಮೊದಲ ದಿನ ದೋಸೆ ಅಭ್ಯಾಸದಲ್ಲಿ ನಡುವೆ ಸುರಿದು ಸೌಟಿನಿಂದ ತಿರುವಿದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅಂಚಿನಿಂದ ಶುರು ಮಾಡಿಸಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ತಂದು ನಿಲ್ಲಿಸಿದರು. ಸೌಟು ಮುಟ್ಟಿಸುವ ಹಾಗೇ ಇಲ್ಲ, ಮುಟ್ಟಿದರೆ ಗುಳ್ಳೆ ಒಡೆದುಹೋಗುತ್ತೆ. ಒಂದೊಂದೇ ಕಣ್ಣು ಪಟಪಟ ಬಿಡೋದನ್ನು ನೋಡಿ, ಆಮೇಲೆ ಮುಚ್ಚಳ. ಮಗುಚಿ ಹಾಕೋದಿಲ್ಲ. ಈಗಲೂ ಹುಯ್ಯುವಾಗೆಲ್ಲ ಮಣಿಕಟ್ಟಿನ ಮೇಲೆ ಅವರ ಕೈ ಇದ್ದ ಹಾಗೇ ಅನ್ನಿಸುತ್ತೆ ನನಗೆ.

ಪುತ್ತೂರಿನಿಂದ:

ನಾನು ಇಥಿಯೋಪಿಯಾ ನೋಡಿಲ್ಲ. ಆದರೆ ಒಂದೇ ಬದಿ ಬೇಯಿಸುವುದು, ಮುಚ್ಚಳ, ತೂತು ಅಂದ ಕೂಡಲೇ ನಮ್ಮ ಓಡು ದೋಸೆ ನೆನಪಾಯಿತು. ಮಣ್ಣಿನ ಓಡಿನಲ್ಲಿ ಹೊಯ್ದು ನೋಡಿ. ತೆಳು ನಾನ್‌ಸ್ಟಿಕ್ ಕಾವಲಿಯಲ್ಲಿ ಹಾಗೆ ತೂತು ಬೀಳುವುದಿಲ್ಲ. ಅಲ್ಲಿನ ಹಂಚೂ ಮಣ್ಣಿನದ್ದೇ ಅಲ್ವಾ?

ಬೆಂಗಳೂರಿನಿಂದ, ಇಥಿಯೋಪಿಯಾದ ಹವಾಸದಲ್ಲಿದ್ದವರು:

ಹೌದು, ಮಿತಾದ್ ಅಂತಾರೆ, ಮೊದಲೆಲ್ಲ ಮಣ್ಣಿನದ್ದೇ. ಪೇಟೆಯಲ್ಲಿ ಈಗ ಕರೆಂಟಿನದ್ದು ಜಾಸ್ತಿ.

ವೊಟ್ ಬಗ್ಗೆ ನಾನು ಹೇಳುತ್ತೇನೆ. ಒಗ್ಗರಣೆ ಹಾಕಬೇಡಿ ಅಕ್ಕಾ, ಅದಕ್ಕೇ ಸಾರಾಗೋದು. ಒಂದು ಲೋಟ ಬೇಳೆಗೆ ನಾಲ್ಕು ದೊಡ್ಡ ಈರುಳ್ಳಿ ಸಣ್ಣಗೆ ಹೆಚ್ಚಿ, ಎಣ್ಣೆ ಇಲ್ಲದೆ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ತಳ ಹಿಡಿದರೆ ಒಂದೊಂದು ಚಮಚ ನೀರು. ಅರ್ಧ ಗಂಟೆಗೆ ಕಂದು ಬಣ್ಣದ ಮುದ್ದೆಯಾಗುತ್ತೆ. ಆಮೇಲೆ ಎಣ್ಣೆ, ಬೆಳ್ಳುಳ್ಳಿ, ಶುಂಠಿ, ಅಲ್ಲಿನ ಖಾರದ ಮಸಾಲೆ ಬೆರ್ಬೆರೆ ಪುಡಿ. ಬೇಳೆ ಕೊನೆಗೆ. ಬೆರ್ಬೆರೆ ಇಲ್ಲದಿದ್ದರೆ ಬ್ಯಾಡಗಿ ಮೆಣಸಿನಕಾಯಿ, ಮೆಂತ್ಯ, ಓಮ, ಏಲಕ್ಕಿ, ಚೂರು ಜಾಯಿಕಾಯಿ ಹುರಿದು ಪುಡಿ ಮಾಡಿ. ಪೂರ್ತಿ ಅದೇ ರುಚಿ ಅಲ್ಲ, ಹತ್ತಿರ ಬರುತ್ತೆ.

ನಾವು ಸಸ್ಯಾಹಾರಿಗಳು. ಬುಧವಾರ, ಶುಕ್ರವಾರ ಅಲ್ಲಿನ ಆರ್ಥಡಾಕ್ಸ್ ಕ್ರೈಸ್ತರಿಗೆ ಉಪವಾಸ. ಮಾಂಸ, ಹಾಲು, ಮೊಟ್ಟೆ ಮುಟ್ಟೋದಿಲ್ಲ. ಆ ಎರಡು ದಿನ ಯಾವ ಹೋಟೆಲಿಗೆ ಹೋದರೂ ಬೆಯೈನೆತು ಸಿಗುತ್ತಿತ್ತು. ಒಂದೇ ಇಂಜೆರಾ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೋ, ಎಲೆಕೋಸು, ಬೀಟ್‌ರೂಟ್. ನಾವು ಹೊಟ್ಟೆ ತುಂಬಾ ಉಂಡದ್ದು ಅವರ ಉಪವಾಸದ ದಿನಗಳಲ್ಲೇ.

ದಾವಣಗೆರೆಯಿಂದ, ಹನ್ನೆರಡು ದಿನ ಬಿಟ್ಟು:

ನಿಮಗೆಲ್ಲ ಎಷ್ಟು ಹೇಳಿದರೂ ಸಾಲದು. ಮೊದಲ ಎರಡು ಸಲ ಕೆಟ್ಟಿತು, ಅಬ್ಸಿತ್ ಗಂಟಾಯಿತು. ಓಡು ಇಲ್ಲಿ ಸಿಗಲಿಲ್ಲ, ರೊಟ್ಟಿ ಮಾಡುವ ಮಣ್ಣಿನ ಹಂಚು ತಂದೆ. ನಿನ್ನೆ ಅಂಚಿನಿಂದ ಸುತ್ತಿ ಹುಯ್ದೆ. ಕಣ್ಣು ಬಂತು! ನಡುವೆ ಸ್ವಲ್ಪ ಕಮ್ಮಿ, ಅಂಚಿನಲ್ಲೆಲ್ಲ ತುಂಬಾ.

ಎಮಾಮ ಊಟಕ್ಕೆ ಕೂತರೆ ಮೊದಲ ತುತ್ತನ್ನು ಅವರು ತಿನ್ನುತ್ತಿರಲಿಲ್ಲ. ಇಂಜೆರಾ ಹರಿದು, ವೊಟ್ ಸುತ್ತಿ, ನನ್ನ ಮಗನ ಬಾಯಿಗಿಡುತ್ತಿದ್ದರು. ಅಲ್ಲಿ ಗುರ್ಶಾ ಅಂತಾರೆ, ನಮ್ಮ ಕೈತುತ್ತೇ. ನಿನ್ನೆ ತಟ್ಟೆ ಮುಂದಿಟ್ಟಾಗ ಅವನು ಏನೂ ಹೇಳಲಿಲ್ಲ. ಒಂದು ಚೂರು ಹರಿದು, ಮುದ್ದೆ ಕಟ್ಟಿ, ಎದ್ದು ನಿಂತು ನನ್ನ ಬಾಯಿಗಿಟ್ಟ.